ಅಂಗಡಿಗೆ ಬ್ರಾಡ್‌ಬ್ಯಾಂಡ್: ವೇಗದ ಅಂಕಿಯ ಹಿಂದೆ ಏನಿದೆ?

ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಅಂದು ಕೊನೆಯ ದಿನ. ಕಾಲೇಜಿನ ಎದುರಿನ ಫೋಟೊ ಸ್ಟುಡಿಯೊ ಮುಂದೆ ಬೆಳಿಗ್ಗೆ ಹತ್ತೂವರೆಗೇ ಏಳೆಂಟು ಮಂದಿ ಸಾಲಾಗಿ ನಿಂತಿದ್ದಾರೆ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಎಲ್ಲವೂ ಅದೇ ಅಂಗಡಿಯಲ್ಲಿ. ಮಗಳ ಜತೆ ಬಂದಿರುವ ತಂದೆ ಅಂದಿನ ಅರ್ಧ ಕೂಲಿ ಬಿಟ್ಟು ಬಂದವರು. ಆದಾಯ ಪ್ರಮಾಣಪತ್ರದ ಪ್ರತಿಯನ್ನು ಮೂರು ಸಲ ಕಳಿಸಿದರೂ ಅದು ಹೋಗಲಿಲ್ಲ.

‘ಸರ್ವರ್ ಬಿಜಿ ಇದೆ ಯಜಮಾನ್ರೇ, ಮಧ್ಯಾಹ್ನ ಬನ್ನಿ’ ಎನ್ನುತ್ತಾನೆ ಅಂಗಡಿಯ ಹುಡುಗ.

‘ಇವತ್ತೇ ಕಡೇ ದಿನ ಅಲ್ವೇನಪ್ಪಾ?’

ಹುಡುಗನ ಬಳಿ ಉತ್ತರವಿಲ್ಲ. ಒಂದು ಗಂಟೆಯ ಹೊತ್ತಿಗೆ ‘ಸರ್ವರ್’ ತಾನಾಗಿಯೇ ಸರಿಹೋಯಿತು. ಅರ್ಜಿಯೂ ಹೋಯಿತು. ಆದರೆ ಅರ್ಧ ದಿನದ ಕೂಲಿ ತಿರುಗಿ ಬರಲಿಲ್ಲ.

ಇದು ಯಾವುದೋ ಒಂದು ಊರಿನ ಕಥೆಯಲ್ಲ. ಸ್ವಲ್ಪ ಹೆಚ್ಚುಕಡಿಮೆ ಎಲ್ಲ ಊರುಗಳಲ್ಲೂ ನಡೆಯುವಂಥದೇ. ಇಂಥ ಕಡೆ ತಪ್ಪು ಸರ್ವರಿನದೇ ಆಗಿರಬೇಕೆಂದಿಲ್ಲ. ಈ ಅಂಗಡಿಯ ಒಳಕೋಣೆಯಲ್ಲಿ ಇನ್ನೊಂದು ಕಂಪ್ಯೂಟರು ಹತ್ತು ಗಂಟೆಯಿಂದ ಮದುವೆಯೊಂದರ 1,500 ಫೋಟೊಗಳನ್ನು ಆಲ್ಬಂ ಮುದ್ರಿಸುವ ಲ್ಯಾಬಿಗೆ ಕಳಿಸುತ್ತ ಕುಳಿತಿತ್ತು. ಅಂಗಡಿಯವರು ಹಣ ಕಟ್ಟುತ್ತಿದ್ದುದು 100 ಎಂಬಿಪಿಎಸ್ ಪ್ಲ್ಯಾನಿಗೆ. ಅಷ್ಟು ವೇಗವಿದ್ದೂ 200 ಕಿಲೋಬೈಟಿನ ಪುಟ್ಟ ಕಡತವೊಂದು ಹೋಗಲಿಲ್ಲವೆಂದರೆ ಏನರ್ಥ?

ಓದು ಮುಗಿಸಿದ ಮಗನಿಗೋ ಮಗಳಿಗೋ ಸಣ್ಣದೊಂದು ಅಂಗಡಿ, ಟ್ಯೂಷನ್ ಕೇಂದ್ರ, ಡಿಸೈನ್ ಕಚೇರಿ ಹಾಕಿಕೊಡಲು ಹೊರಟ ತಂದೆ ತಾಯಿಗಳು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಉತ್ತರಕ್ಕೆ ಬೇಕಾದ ವಿಜ್ಞಾನ ಶಾಲೆಯ ಪುಸ್ತಕದಲ್ಲೇ ಇದೆ.

ಬಿಟ್ ಬೇರೆ, ಬೈಟ್ ಬೇರೆ

ಕಡತದ ಗಾತ್ರವನ್ನು ನಾವು ಬೈಟ್‌ಗಳಲ್ಲಿ ಅಳೆಯುತ್ತೇವೆ. ಕಂಪನಿಗಳು ವೇಗವನ್ನು ಹೇಳುವುದು ಬಿಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬೈಟ್ ಅಲ್ಲ, ಹನ್ನೆರಡೂವರೆ ಮೆಗಾಬೈಟ್ ಮಾತ್ರ. ಸೇರಿನ ಲೆಕ್ಕದಲ್ಲಿ ಕೊಂಡು ಪಾವಿನ ಲೆಕ್ಕದಲ್ಲಿ ಅಳೆದ ಹಾಗೆ!

ಈಗ ಮದುವೆಯ ಫೋಟೊಗಳಿಗೆ ಬರೋಣ. ಒಂದೊಂದು ಫೋಟೊ 8 ಮೆಗಾಬೈಟ್ ಎಂದುಕೊಂಡರೆ 1,500 ಫೋಟೊಗಳಿಗೆ 12,000 ಮೆಗಾಬೈಟ್. ಎಂಟರಿಂದ ಗುಣಿಸಿದರೆ 96,000 ಮೆಗಾಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಹೋಗುವಂತಿದ್ದರೆ 960 ಸೆಕೆಂಡು, ಅಂದರೆ 16 ನಿಮಿಷ ಸಾಕು. ಆದರೆ ಆ ಅಂಗಡಿಯಲ್ಲಿ ಹಿಡಿದದ್ದು 2 ಗಂಟೆ 40 ನಿಮಿಷ. ಏಕೆಂದರೆ 100 ಎಂಬುದು ಹೊರಗಿನಿಂದ ಅಂಗಡಿಗೆ ಬರುವ ವೇಗ. ಅಂಗಡಿಯಿಂದ ಹೊರಗೆ ಹೋಗುವ ವೇಗ 10 ಮಾತ್ರ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಮೊದಲನೆಯದು. ಅದೇ ಡೌನ್‌ಲೋಡ್. ಎರಡನೆಯದು ಅಪ್‌ಲೋಡ್, ಅದನ್ನು ಕೇಳಿ ತಿಳಿಯಬೇಕು.

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವುದು ಹೆಚ್ಚಾಗಿ ನೋಡುವುದಕ್ಕೆ: ಸಿನಿಮಾ, ಕ್ರಿಕೆಟ್, ಪಾಠದ ವಿಡಿಯೊ. ಅಲ್ಲಿ ಬರುವ ವೇಗವಿದ್ದರೆ ಸಾಕು. ಅಂಗಡಿ, ಕಚೇರಿಗಳ ಕೆಲಸ ಹೆಚ್ಚಾಗಿ ಕಳಿಸುವುದು: ಅರ್ಜಿ, ಫೋಟೊ, ನಕ್ಷೆ, ಲೆಕ್ಕಪತ್ರ, ಸಿಸಿ ಕ್ಯಾಮೆರಾದ ಚಿತ್ರ. ಹೋಗುವ ದಾರಿ ಇಕ್ಕಟ್ಟಾಗಿದ್ದು, ಅದರಲ್ಲಿ ಸಾಲಾಗಿ ಲಾರಿಗಳು ನಿಂತಿದ್ದರೆ ಹಿಂದೆ ಬಂದ ಸೈಕಲ್ಲೂ ಕಾಯಲೇಬೇಕು. ಆ ಹುಡುಗಿಯ ಪ್ರಮಾಣಪತ್ರಕ್ಕೆ ಆದದ್ದು ಇದೇ. ಅದು ಹೊರಟು ತಲಪುವಷ್ಟರಲ್ಲಿ ಆಚೆಯ ಕಂಪ್ಯೂಟರು ಕಾದು ಬೇಸತ್ತು ಬಾಗಿಲು ಹಾಕಿಕೊಳ್ಳುತ್ತಿತ್ತು.

ತಾಮ್ರ, ಗಾಜು, ಗಾಳಿ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ದೂರವಾಣಿಯ ತಾಮ್ರದ ತಂತಿಯೇ ಅದಕ್ಕೆ ದಾರಿಯಾಗಿತ್ತು. ಆ ಬಗೆಯ ಮೋಡೆಮ್‌ಗಳು ಮುಂದೆ ಮುಟ್ಟಿದ ಗರಿಷ್ಠ ವೇಗ 56 ಕಿಲೋಬಿಟ್. ಅದರಲ್ಲಿ ಮೇಲಿನ ಫೋಟೊಗಳನ್ನು ಕಳಿಸಲು ಹಗಲಿರುಳೂ 20 ದಿನ ಬೇಕಾಗುತ್ತಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಕನಿಷ್ಠ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಇದು 512 ಕಿಲೋಬಿಟ್ ಆಯಿತು, 2023ರಲ್ಲಿ 2 ಮೆಗಾಬಿಟ್ ಆಯಿತು. ಅಂದರೆ ‘ಬ್ರಾಡ್‌ಬ್ಯಾಂಡ್’ ಎಂಬ ಹೆಸರು ಕೊಡುವ ಭರವಸೆ ಅಷ್ಟೇ.

ತಾಮ್ರದ ತಂತಿಯಲ್ಲಿ ಸಾಗುವುದು ವಿದ್ಯುತ್ ಸಂಕೇತ. ದೂರ ಹೆಚ್ಚಿದಂತೆ ಅದು ಕುಂದುತ್ತದೆ. ದೂರವಾಣಿ ವಿನಿಮಯ ಕೇಂದ್ರದ ಪಕ್ಕದ ಅಂಗಡಿಗೆ ಸಿಕ್ಕ ವೇಗ ಐದು ಕಿಲೋಮೀಟರ್ ಆಚೆಯ ಅಂಗಡಿಗೆ ಸಿಗದು. ಮಳೆಗಾಲದಲ್ಲಿ ಜೋಡಣೆಗಳಿಗೆ ನೀರಿಳಿದರೆ ಇನ್ನಷ್ಟು ತೊಂದರೆ.

ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್‌ನಲ್ಲಿ ಸಾಗುವುದು ಬೆಳಕು. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಸಂಪೂರ್ಣ ಆಂತರಿಕ ಪ್ರತಿಫಲನವೇ ಇದರ ತಳಹದಿ. ಗಾಜು ಶುದ್ಧವಾಗಿದ್ದರೆ ಬೆಳಕನ್ನು ಬಹುದೂರ ಕಳಿಸಬಹುದೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿಕೊಟ್ಟರು. ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಕೆಲಸ ನಡೆಯುತ್ತದೆ ಎಂಬುದು ಅವರ ಲೆಕ್ಕ. ಇಂದಿನ ಎಳೆಗಳಲ್ಲಿ ಒಂದು ಕಿಲೋಮೀಟರಿನ ಬಳಿಕ 95ರಷ್ಟು ಪಾಲು ಉಳಿಯುತ್ತದೆ! ಈ ಕೆಲಸಕ್ಕಾಗಿ ಕಾವ್ ಅವರಿಗೆ 2009ರ ನೊಬೆಲ್ ಬಹುಮಾನ ಸಂದಿತು. ಗಾಜು ವಿದ್ಯುದ್ವಾಹಕವೂ ಅಲ್ಲವಾದ್ದರಿಂದ ಸಿಡಿಲು ಮಳೆಯ ಕಾಲದಲ್ಲೂ ಅದರೊಳಗಿನ ಸಂಕೇತ ಕದಡುವುದಿಲ್ಲ. ಅಂಗಡಿಯ ಬಾಗಿಲವರೆಗೆ ಫೈಬರ್ ಬಂದಿದ್ದರೆ ಬೇರೆ ಯೋಚನೆ ಬೇಡ, ಅದೇ ಸರಿ. ಹೋಗುವ ವೇಗ, ಬರುವ ವೇಗ ಎರಡನ್ನೂ ಸಮನಾಗಿ ಕೊಡುವ ಪ್ಲ್ಯಾನ್‌ಗಳು ಫೈಬರ್‌ನಲ್ಲಿ ಸಿಗುತ್ತವೆ.

ಮೂರನೆಯದು ಗಾಳಿಯ ದಾರಿ. ದೇಶದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್‌ನಲ್ಲಿ. ಮರುವರ್ಷವೇ ಚಾವಣಿಯ ಮೇಲೆ ಪೆಟ್ಟಿಗೆ ಕೂರಿಸಿ ಟವರಿನಿಂದ ಸಂಪರ್ಕ ಪಡೆಯುವ ವ್ಯವಸ್ಥೆ ಬಂತು. ಕೇಬಲ್ ಎಳೆಯಲಾಗದ ಕಡೆ ಇದು ವರವೇ ಸರಿ. ಆದರೆ ಟವರನ್ನು ಸುತ್ತಲಿನ ಮೊಬೈಲ್‌ಗಳೆಲ್ಲ ಹಂಚಿಕೊಳ್ಳುತ್ತವೆ. ಅಪ್‌ಲೋಡ್ ಸಾಮಾನ್ಯವಾಗಿ ಬಹಳ ಕಡಿಮೆ. ಆ ಸ್ಟುಡಿಯೊದ ಮೇಲಿದ್ದದ್ದೂ ಇಂಥ ಪೆಟ್ಟಿಗೆಯೇ.

ಟವರೂ ಇಲ್ಲದ ಕಾಡಿನಂಚಿನ ಎಸ್ಟೇಟಿಗೆ ಉಪಗ್ರಹವೇ ಗತಿ. ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಪ್ರಶ್ನೆ ಹೋಗಿ ಉತ್ತರ ಬರಲು ಈ ದೂರವನ್ನು ನಾಲ್ಕು ಸಲ ಕ್ರಮಿಸಬೇಕು. ಬೆಳಕಿನ ವೇಗದಲ್ಲಿ ಸಾಗಿದರೂ ಅರ್ಧ ಸೆಕೆಂಡು ಹಿಡಿಯುತ್ತದೆ. ಮಿಂಚಂಚೆಗೆ ಅಡ್ಡಿಯಿಲ್ಲ, ಎದುರುಬದುರು ಮಾತುಕತೆಗೆ ತೊಡಕು.

ಹಂಚಿಕೆಯ ಲೆಕ್ಕ

ಫೈಬರ್ ಬಂದ ಮಾತ್ರಕ್ಕೆ ಇಡೀ ಎಳೆ ನಮ್ಮದಲ್ಲ. ವ್ಯಾಪಕವಾಗಿ ಬಳಕೆಯಲ್ಲಿರುವ ‘ಜಿಪಾನ್’ ಪದ್ಧತಿಯಲ್ಲಿ ಒಂದು ಎಳೆಯ ಸೆಕೆಂಡಿಗೆ 2,488 ಮೆಗಾಬಿಟ್ ವೇಗವನ್ನು 32 ಅಥವಾ 64 ಗ್ರಾಹಕರಿಗೆ ಹಂಚುತ್ತಾರೆ. 64 ಮಂದಿಯೂ ಒಂದೇ ಕ್ಷಣದಲ್ಲಿ ಎಳೆದುಕೊಂಡರೆ ತಲಾ 39ರಷ್ಟು ಮೆಗಾಬಿಟ್. ಹಾಗೆ ಆಗುವುದು ಅಪರೂಪ. ಊರಿನ ನಲ್ಲಿಗಳನ್ನೆಲ್ಲ ಒಟ್ಟಿಗೆ ಯಾರೂ ತಿರುಗಿಸುವುದಿಲ್ಲ. ಆದರೂ ಸಂಜೆ ಹೊತ್ತಿಗೆ ವೇಗ ಇಳಿಯುವುದಕ್ಕೆ ಹಂಚಿಕೆಯೇ ಮುಖ್ಯ ಕಾರಣ.

ಹಂಚಿಕೆಯೇ ಬೇಡ ಎನ್ನುವವರಿಗೆ ‘ಲೀಸ್ಡ್ ಲೈನ್’ ಇದೆ. ಹೇಳಿದ ವೇಗ ಎರಡೂ ದಿಕ್ಕಿನಲ್ಲಿ, ಎಲ್ಲ ಹೊತ್ತಿನಲ್ಲೂ ಸಿಗುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು. ದೊಡ್ಡ ಆಸ್ಪತ್ರೆಗೆ, ಬ್ಯಾಂಕಿಗೆ ಅದು ತಕ್ಕದ್ದು. ಜೆರಾಕ್ಸ್ ಅಂಗಡಿಗೆ ಅದನ್ನು ಹಾಕಿಸುವುದು ತೆಂಗಿನಕಾಯಿ ಸಾಗಿಸಲು ರೈಲು ಗೊತ್ತುಮಾಡಿದಂತೆ. ಅರ್ಜಿ ತುಂಬುವ ನಾಲ್ಕು ಕಂಪ್ಯೂಟರು, ಹಣ ಪಡೆಯುವ ಒಂದು ಕ್ಯೂಆರ್ ಫಲಕ ಇಷ್ಟೇ ಇದ್ದರೆ 30-40 ಮೆಗಾಬಿಟ್ ಧಾರಾಳ. ಮದುವೆ ಫೋಟೊಗಳೂ ಇದ್ದರೆ ಅಪ್‌ಲೋಡ್ ನೋಡಿ ಪ್ಲ್ಯಾನ್ ಆರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಓದಬೇಕು: ಕಾಲಿನ ಉದ್ದ ಅಳೆದು ಹಾಸಿಗೆ ಕೊಳ್ಳಬೇಕು.

ಕರೆಂಟು ಹೋದಾಗ

ಹಳೆಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಕೆಲಸ ಮಾಡುತ್ತಿತ್ತು. ಗಾಜಿನ ಎಳೆ ವಿದ್ಯುತ್ ತರಲಾರದು. ಆದ್ದರಿಂದ ಫೈಬರ್ ಮೋಡೆಮಿಗೂ ರೌಟರಿಗೂ ಅಂಗಡಿಯಲ್ಲೇ ಕರೆಂಟು ಬೇಕು. ಇವು ಕುಡಿಯುವುದು ಹತ್ತಿಪ್ಪತ್ತು ವಾಟ್ ಅಷ್ಟೇ. ರೌಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಗಂಟೆಗಟ್ಟಲೆ ನಡೆಸುತ್ತದೆ.

ಜತೆಗೊಂದು ಬದಲಿ ದಾರಿಯೂ ಇರಬೇಕು. ಆದರೆ ಎರಡು ಕಂಪನಿಗಳ ಫೈಬರನ್ನು ಒಂದೇ ಕಂಬದ ಮೇಲೆ ಎಳೆಸಿದರೆ ಒಂದೇ ಕೊಂಬೆ ಬಿದ್ದು ಎರಡೂ ತುಂಡಾಗಬಹುದು. ಒಂದು ಗಾಜಿನದಾದರೆ ಇನ್ನೊಂದು ಗಾಳಿಯದಾಗಲಿ. ಫೈಬರ್ ಜತೆ ಬೇರೆ ಕಂಪನಿಯ ಮೊಬೈಲ್ ಸಿಮ್ ಒಂದಿದ್ದರೂ ಆ ದಿನದ ಅರ್ಜಿಗಳು ಹೋಗುತ್ತವೆ.

ಕಾಗದ ಓದಿ ಸಹಿ ಹಾಕಿ

ಪ್ಲ್ಯಾನ್ ಬೆಲೆಯ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. 999 ರೂಪಾಯಿ ಎಂದು ಬರೆದಿದ್ದರೆ ಕೈಬಿಡುವುದು 1,178 ರೂಪಾಯಿ 82 ಪೈಸೆ. ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಬಿಲ್ಲನ್ನು ವ್ಯಾಪಾರದ ಹೆಸರಿನಲ್ಲಿ ಮಾಡಿಸಿದರೆ ಈ ತೆರಿಗೆಯನ್ನು ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಅನುಕೂಲವಿಲ್ಲ.

‘ಅನ್‌ಲಿಮಿಟೆಡ್’ ಎಂಬ ಮಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮಿತಿ ಇದ್ದರೆ ಅದನ್ನೂ ಓದಬೇಕು. ಆ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ? ಕೆಟ್ಟರೆ ಎಷ್ಟು ಗಂಟೆಯೊಳಗೆ ದುರಸ್ತಿ? ನಡುವೆ ಬಿಟ್ಟರೆ ಮುಂಗಡ ವಾಪಸುಂಟೆ? ‘ಶೇ 99 ಭಾಗ ಚಾಲೂ ಇರುತ್ತದೆ’ ಎಂಬ ಭರವಸೆ ಕೇಳಲು ಚೆಂದ. ಆದರೆ ಉಳಿದ ಒಂದು ಭಾಗವೆಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಹೆಚ್ಚು. ಆ ಮೂರು ದಿನಗಳಲ್ಲಿ ಒಂದು ದಿನ ಅರ್ಜಿಯ ಕೊನೆಯ ದಿನವಾಗಿಬಿಟ್ಟರೆ?

ವಿದ್ಯಾರ್ಥಿಗಳಿಗೊಂದು ಕೆಲಸ

ಸಂಪರ್ಕ ಆರಿಸುವ ಮೊದಲು ಮನೆಯ ವಿದ್ಯಾರ್ಥಿಯೇ ಒಂದು ವಾರದ ಪ್ರಯೋಗ ಮಾಡಬಹುದು. ಅದೇ ಬೀದಿಯಲ್ಲಿ ಅದೇ ಕಂಪನಿಯ ಸಂಪರ್ಕವಿರುವ ಅಂಗಡಿಯವರನ್ನು ಕೇಳಿಕೊಂಡು, ದಿನಕ್ಕೆ ಮೂರು ಸಲ, ಬೆಳಿಗ್ಗೆ ಹತ್ತು, ಮಧ್ಯಾಹ್ನ ಮೂರು, ರಾತ್ರಿ ಎಂಟಕ್ಕೆ ವೇಗ ಅಳೆಯಬೇಕು. ಗೋಡೆಗಳು ವೈಫೈ ತರಂಗಗಳನ್ನು ತಗ್ಗಿಸುತ್ತವೆ. ಆದ್ದರಿಂದ ಕಂಪ್ಯೂಟರನ್ನು ಕೇಬಲ್‌ನಿಂದ ರೌಟರಿಗೆ ಜೋಡಿಸಿ ಅಳೆದರೆ ಸರಿಯಾದ ಅಂಕಿ ಸಿಗುತ್ತದೆ. ಡೌನ್‌ಲೋಡ್, ಅಪ್‌ಲೋಡ್, ವಿಳಂಬ ಈ ಮೂರನ್ನೂ ಕೋಷ್ಟಕದಲ್ಲಿ ಬರೆಯಬೇಕು. 21 ಸಾಲುಗಳಾದ ಮೇಲೆ ಸರಾಸರಿಯನ್ನಷ್ಟೇ ಅಲ್ಲ, ಅತಿ ಕಡಿಮೆ ಅಂಕಿಯನ್ನೂ ಗುರುತಿಸಬೇಕು. ತೀರ್ಮಾನಿಸಬೇಕಾದ್ದು ಆ ಕಡಿಮೆ ಅಂಕಿಯನ್ನು ನೋಡಿ. ಸೇತುವೆ ಕಟ್ಟುವವರು ನದಿಯ ಸರಾಸರಿ ನೀರನ್ನಲ್ಲ, ಪ್ರವಾಹವನ್ನು ಲೆಕ್ಕಕ್ಕೆ ಹಿಡಿಯುತ್ತಾರಲ್ಲವೆ?

ಇನ್ನು ಆ ಸ್ಟುಡಿಯೊ. ಅದಕ್ಕೆ ತುರ್ತಾಗಿ ಬೇಕಾದದ್ದು ದೊಡ್ಡ ಪ್ಲ್ಯಾನ್ ಅಲ್ಲ. ಮದುವೆ ಫೋಟೊಗಳನ್ನು ರಾತ್ರಿ ಅಂಗಡಿ ಮುಚ್ಚುವಾಗ ಕಳಿಸಲು ಹಚ್ಚಿ ಹೋದರೆ ಬೆಳಗಾಗುವಷ್ಟರಲ್ಲಿ ಅವು ತಲಪಿರುತ್ತವೆ. ಬೀದಿಗೆ ಫೈಬರ್ ಬಂದಾಗ ಎರಡೂ ದಿಕ್ಕಿಗೆ ಸಮ ವೇಗದ ಪ್ಲ್ಯಾನಿಗೆ ಬದಲಾಯಿಸಿಕೊಂಡರಾಯಿತು. ಹುಡುಗನಿಗೆ ಈ ಲೆಕ್ಕ ತಿಳಿದಿದ್ದರೆ ಅಂದು ‘ಮಧ್ಯಾಹ್ನ ಬನ್ನಿ’ ಎನ್ನುವ ಬದಲು ಫೋಟೊ ಕಳಿಸುವುದನ್ನು ಐದು ನಿಮಿಷ ನಿಲ್ಲಿಸುತ್ತಿದ್ದ. ಆ ತಂದೆ ಹನ್ನೊಂದು ಗಂಟೆಯೊಳಗೆ ಕೆಲಸಕ್ಕೆ ಹೋಗಿರುತ್ತಿದ್ದರು.