ಬೊಜ್ಜು ಮತ್ತು ಎಳೆಯರ ಹೃದಯ

ನಮ್ಮ ಕಡೆ ಮಗು ಗುಂಡುಗುಂಡಗಿದ್ದರೆ 'ಮೈಕೈ ತುಂಬಿಕೊಂಡಿದೆ, ದೃಷ್ಟಿ ತೆಗೀರಿ' ಅಂತಾರೆ. ಹೃದಯದ ಕಾಯಿಲೆ ಅಂದರೆ ತಲೆ ನರೆತವರಿಗೆ ಬರೋದು ಅಂತ ನಾವೆಲ್ಲ ತಿಳಿದಿದ್ದೇವೆ. ಗೊತ್ತಾಗುವುದು ಆ ವಯಸ್ಸಿಗೇ, ನಿಜ. ಆದರೆ ಅದು ಶುರುವಾಗುವುದು ನಮ್ಮ ವಯಸ್ಸಿನಲ್ಲಿ. ಇದು ತಿಳಿದದ್ದೇ ಒಂದು ದೊಡ್ಡ ಕಥೆ.

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಬೊಗಲೂಸಾ ಎಂಬ ಊರಿದೆ. ಮರ ಕೊಯ್ಯುವ ಮಿಲ್ಲು, ಕಾಗದದ ಮಿಲ್ಲುಗಳಿಂದ ಬೆಳೆದ ಚಿಕ್ಕ ಊರು. ಆ ಊರಿನವರೇ ಆದ ಡಾ. ಜೆರಾಲ್ಡ್ ಬೆರೆನ್ಸನ್ 1973ರ ಹೊತ್ತಿಗೆ ಅಲ್ಲಿನ ಶಾಲೆ ಮಕ್ಕಳ ತೂಕ, ಎತ್ತರ, ರಕ್ತದೊತ್ತಡ, ಕೊಲೆಸ್ಟರಾಲ್ ಅಳೆಯಲು ಶುರುಮಾಡಿದರು. ಒಂದು ಸಲ ಅಳೆದು ಬಿಟ್ಟುಬಿಡಲಿಲ್ಲ. ಅದೇ ಮಕ್ಕಳು ಬೆಳೆದು ದೊಡ್ಡವರಾದ ಮೇಲೂ ಅಳೆಯುತ್ತಲೇ ಹೋದರು. ಅಪಘಾತ ಮುಂತಾದ ಕಾರಣಗಳಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡವರೂ ಇದ್ದರು. 2ರಿಂದ 39 ವರ್ಷದ ಅಂಥ 204 ಜನರ ಶವಪರೀಕ್ಷೆಯ ವಿವರ 1998ರಲ್ಲಿ ಪ್ರಕಟವಾಯಿತು. 15 ವರ್ಷದೊಳಗಿನವರಲ್ಲೇ ಸುಮಾರು ಅರ್ಧ ಮಂದಿಗೆ ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬಿನ ಗೆರೆ ಮೂಡಿತ್ತು! ಬದುಕಿದ್ದಾಗ ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲ ಹೆಚ್ಚಿದ್ದವರಲ್ಲಿ ಗೆರೆಯೂ ಹೆಚ್ಚು.

ಕೊಲೆಸ್ಟರಾಲ್ ವಿಷವೇನಲ್ಲ. ನಮ್ಮ ಪಿತ್ತಜನಕಾಂಗವೇ ಅದನ್ನು ತಯಾರಿಸುತ್ತದೆ. ಜೀವಕೋಶದ ಪೊರೆಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಆದರೆ ಎಣ್ಣೆ ನೀರಲ್ಲಿ ಬೆರೆಯದ ಹಾಗೆ ಅದು ರಕ್ತದಲ್ಲಿ ಬೆರೆಯೋದಿಲ್ಲ. ಹೊತ್ತು ಸಾಗಿಸಲು ಗಾಡಿ ಬೇಕು. ಎಲ್.ಡಿ.ಎಲ್. ಎಂಬ ಗಾಡಿ ಅದನ್ನು ಮೈಗೆಲ್ಲ ಒಯ್ಯುತ್ತದೆ. ಈ ಗಾಡಿ ಹೆಚ್ಚಾದರೆ ಸರಕು ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಎಚ್.ಡಿ.ಎಲ್. ಎಂಬ ಗಾಡಿ ಮಿಕ್ಕಿದ್ದನ್ನು ವಾಪಸ್ ತರುತ್ತದೆ. ಬೊಜ್ಜು ಬಂದವರಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಬಂದರೆ, ಸಾಮಾನ್ಯವಾಗಿ ವಾಪಸ್ ತರುವ ಗಾಡಿಯೇ ಕಡಿಮೆಯಾಗುತ್ತದೆ. ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬೂ ಏರುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳದ ಅಗಲ ದೊಡ್ಡವರಲ್ಲೇ ಬರೀ 3-4 ಮಿಲಿಮೀಟರ್. ಅದರೊಳಗೆ ಕೊಬ್ಬು ಗಂಟು ಕಟ್ಟುತ್ತಾ ಬಂದರೆ ಏನು ಗತಿ? ನೋವಿಲ್ಲ, ಜ್ವರವಿಲ್ಲ, ಎಷ್ಟೋ ವರ್ಷ ಗೊತ್ತೇ ಆಗೋದಿಲ್ಲ.

ಎಣ್ಣೆ ಪಾಕೀಟಿನ ಮೇಲೆ 'ಕೊಲೆಸ್ಟರಾಲ್ ಇಲ್ಲ' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ, ನೋಡಿರಬಹುದು. ಕಡಲೆಕಾಯಿ, ಸೂರ್ಯಕಾಂತಿಯ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು, ಇನ್ನು ತೆಗೆಯೋದೇನು ಬಂತು! ಹಾಗಂತ ಅದರಲ್ಲಿ ಕರಿದ ಬೋಂಡಾ ಲೆಕ್ಕವಿಲ್ಲದೆ ತಿಂದರೆ ಬೊಜ್ಜು ಬರದೆ ಇರುತ್ತದೆಯೇ?

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಬೊಗಲೂಸಾದ ಲೆಕ್ಕವನ್ನು ಫಿನ್ಲೆಂಡ್, ಆಸ್ಟ್ರೇಲಿಯಾ ಮತ್ತು ಅಮೆರಿಕದ ಇನ್ನೊಂದು ಊರಿನ ಲೆಕ್ಕದ ಜೊತೆ ಸೇರಿಸಿ 2011ರಲ್ಲಿ ನೋಡಿದರು. ಚಿಕ್ಕಂದಿನಲ್ಲಿ ದಪ್ಪಗಿದ್ದು, ದೊಡ್ಡವರಾಗುವಷ್ಟರಲ್ಲಿ ಬೊಜ್ಜು ಕಳೆದುಕೊಂಡವರ ಅಪಾಯ ಯಾವತ್ತೂ ಬೊಜ್ಜಿಲ್ಲದವರ ಅಪಾಯದಷ್ಟೇ ಇತ್ತು! ಅಂದರೆ ನಮಗಿನ್ನೂ ಟೈಮಿದೆ. ಊಟ ಬಿಟ್ಟು ಉಪವಾಸ ಕೂರಬೇಡಿ, ಅದು ಬೆಳೆಯುವ ವಯಸ್ಸಿಗೆ ಆಗದು. ಪಾಕೀಟಿನ ಕುರುಕಲು, ಬಣ್ಣದ ಸಿಹಿನೀರು ಕಡಿಮೆ ಮಾಡಿ. ಮುದ್ದೆ, ಸೊಪ್ಪು, ಕಾಳಿನ ಸಾರಿಗೆ ಯಾರ ಅಡ್ಡಿಯೂ ಇಲ್ಲ. ದಪ್ಪಗಿರೋರನ್ನು 'ಡುಮ್ಮ' ಅಂತ ಅಣಕಿಸಿ ಕಬಡ್ಡಿಯಿಂದ ಹೊರಗೆ ಕೂರಿಸುತ್ತೇವಲ್ಲ, ಆಟ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವರಿಗೇ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಆಡಬೇಕು, ಓಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಆಟದ ಪೀರಿಯಡ್ ವಾರಕ್ಕೆ ಎರಡೇ. ಪರೀಕ್ಷೆ ಹತ್ತಿರ ಬಂತು ಅಂದರೆ ಅದೂ ಗಣಿತಕ್ಕೆ ಹೋಗುತ್ತದೆ. ಮೇಷ್ಟ್ರುಗಳೂ ಈ ಗೋಡೆ ಪತ್ರಿಕೆ ಓದುತ್ತಾರೆ ಅಂತ ಗೊತ್ತಿದ್ದೇ ಇದನ್ನು ಬರೆದಿದ್ದೇನೆ.