ಪ್ರೋಟಾನ್ ಕೊಡುತ್ತದೆ, ಕಾರ್ಬನ್ ಪಡೆಯುತ್ತದೆ

ಹಾರೋಹಳ್ಳಿ ಸೀಮೆಯಲ್ಲಿ ಹಣ್ಣಾದ ರೇಷ್ಮೆ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು-ಮೂರು ದಿನದಲ್ಲಿ ಗೂಡು ಸಿದ್ಧ. ಹುಳುವಿನ ಒಡಲಲ್ಲಿ ಅಂಟುದ್ರವವಾಗಿದ್ದ ಪ್ರೋಟೀನು ಬಾಯಿಂದ ಹೊರಬರುವಷ್ಟರಲ್ಲಿ ಗಟ್ಟಿ ಎಳೆಯಾಗಿರುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ಗೂಡಿನ ಬೆಲೆಯೆಲ್ಲ ಈ ಎಳೆಯದು. ದ್ರವ ಎಳೆಯಾದಾಗ ಅಣುಗಳು ಹೇಗೆ ಜೋಡಿಸಿಕೊಂಡವು? ಎಳೆಯನ್ನು ಕರಗಿಸಿ ನೋಡಿದರೆ ಆ ಜೋಡಣೆಯೇ ಅಳಿಸಿಹೋಗುತ್ತದೆ. ಗಟ್ಟಿ ವಸ್ತುವನ್ನು ಗಟ್ಟಿಯಾಗಿಯೇ ಓದುವ ವಿದ್ಯೆ ಬೇಕು. ಘನಸ್ಥಿತಿಯ ಎನ್‌ಎಂಆರ್ ಅಂಥದೊಂದು ವಿದ್ಯೆ. ಕನಕಪುರ ರಸ್ತೆ ಹಿಡಿದು ಬೆಂಗಳೂರು ಸೇರಿ, ಊರು ದಾಟಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರೆ ಅದರ ಮನೆಯೊಂದು ಸಿಗುತ್ತದೆ: ಎನ್‌ಎಂಆರ್ ಸಂಶೋಧನಾ ಕೇಂದ್ರ.

ಈ ವಿಷಯದಲ್ಲಿ ಬೆಂಗಳೂರಿನ ನಂಟು ಹಳೆಯದು. ಬ್ಲಾಕ್ ಮತ್ತು ಪರ್ಸೆಲ್ ಅಮೆರಿಕದಲ್ಲಿ ಪರಮಾಣು ಬೀಜಗಳ ಕಾಂತೀಯ ಅನುರಣನವನ್ನು (ಎನ್‌ಎಂಆರ್ ಎಂದರೆ ಇದೇ) ಕಂಡುಕೊಂಡ ಕೆಲವೇ ವರ್ಷಗಳಲ್ಲಿ, 1951ರಲ್ಲಿ, ಇದೇ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಅದನ್ನು ಅಳೆದು ಪ್ರಕಟಿಸಿದರು. ಈಗಿನ ಕೇಂದ್ರ ಶುರುವಾದದ್ದು 1977ರಲ್ಲಿ, ಹೊರಗಿನ ಸಂಶೋಧಕರ ಮಾದರಿಗಳಿಗೂ ತೆರೆದ ರಾಷ್ಟ್ರೀಯ ಸೌಲಭ್ಯವಾಗಿ.

ಕಷ್ಟ ಎಲ್ಲಿದೆಯೆಂದರೆ, ಜೀವವಸ್ತುಗಳ ಬೆನ್ನೆಲುಬಾದ ಕಾರ್ಬನ್ ಎನ್‌ಎಂಆರ್ ಯಂತ್ರಕ್ಕೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಸಾಮಾನ್ಯ ಕಾರ್ಬನ್-12ರ ಬೀಜಕ್ಕೆ ಸ್ಪಿನ್, ಅಂದರೆ ಅದನ್ನು ಪುಟ್ಟ ಕಾಂತವಾಗಿಸುವ ಗುಣ, ಇಲ್ಲ. ಸ್ಪಿನ್ ಇರುವ ಕಾರ್ಬನ್-13 ನೂರಕ್ಕೆ ಒಂದರಷ್ಟು ಮಾತ್ರ. ಅದರ ಕಾಂತಶಕ್ತಿಯೂ ಪ್ರೋಟಾನಿನ, ಅಂದರೆ ಹೈಡ್ರೊಜನ್ ಬೀಜದ, ಕಾಲುಭಾಗ. ಪ್ರೋಟಾನಿನ ಸ್ಥಿತಿಯಾದರೂ ಏನು? 9.4 ಟೆಸ್ಲಾದಂಥ ಬಲವಾದ ಅಯಸ್ಕಾಂತದಲ್ಲಿಟ್ಟರೂ ಕೋಣೆಯ ಉಷ್ಣತೆಯಲ್ಲಿ ಲಕ್ಷ ಪ್ರೋಟಾನ್‌ಗಳಲ್ಲಿ ಕ್ಷೇತ್ರದ ದಿಕ್ಕಿಗೆ ನಿಲ್ಲುವವು ಎದುರು ನಿಲ್ಲುವವುಗಳಿಗಿಂತ ಮೂರರಷ್ಟೇ ಹೆಚ್ಚು. ಆ ಮೂರರ ಹೆಚ್ಚಳವೇ ಧ್ರುವೀಕರಣ. ನಮಗೆ ಕೇಳುವ ಸಂಕೇತವೆಲ್ಲ ಅದರಿಂದಲೇ. ಕಾರ್ಬನ್‌ಗೆ ಅದರಲ್ಲೂ ಕಾಲು ಪಾಲು.

ಹಾಗಾದರೆ ಪ್ರೋಟಾನಿನ ಧ್ರುವೀಕರಣವನ್ನು ಪಕ್ಕದ ಕಾರ್ಬನ್‌ಗೆ ದಾಟಿಸಬಾರದೇಕೆ? ಅದರ ಗುಟ್ಟನ್ನು 1962ರಲ್ಲಿ ಹಾರ್ಟ್‌ಮನ್ ಮತ್ತು ಹಾನ್ ಹೇಳಿದರು. ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿದರೆ ಒಂದನ್ನು ಮೀಟಿದಾಗ ಇನ್ನೊಂದರ ತಂತಿ ತಾನಾಗಿ ಮಿಡಿಯುತ್ತದಲ್ಲ, ಹಾಗೆ. ಎರಡೂ ಬೀಜಗಳಿಗೆ ಏಕಕಾಲಕ್ಕೆ ರೇಡಿಯೊ ಅಲೆ ಕೊಟ್ಟು, ಕಾರ್ಬನ್‌ಗೆ ಕೊಡುವ ಕ್ಷೇತ್ರವನ್ನು ಪ್ರೋಟಾನಿನದಕ್ಕಿಂತ ನಾಲ್ಕು ಪಟ್ಟು ಬಲವಾಗಿಸಿದರೆ ಎರಡರ ಲಯ ಒಂದಾಗುತ್ತದೆ. ಒಂದೆರಡು ಮಿಲಿಸೆಕೆಂಡಿನಲ್ಲಿ ಧ್ರುವೀಕರಣ ದಾಟಿಬಿಡುತ್ತದೆ. ಸಂಕೇತ ನಾಲ್ಕು ಪಟ್ಟಿನವರೆಗೆ ಬೆಳೆಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಸಮಯದ್ದು: ಕಾರ್ಬನ್ ಚೇತರಿಸಿಕೊಳ್ಳಲು ನಿಮಿಷಗಟ್ಟಲೆ ಕಾಯಬೇಕಾದಲ್ಲಿ ಪ್ರೋಟಾನಿಗೆ ಕೆಲವು ಸೆಕೆಂಡು ಸಾಕು. ಪೈನ್ಸ್, ಗಿಬಿ ಮತ್ತು ವಾ 1973ರ ಹೊತ್ತಿಗೆ ಇದನ್ನು ಬಳಕೆಯ ವಿಧಾನವನ್ನಾಗಿಸಿದರು. ಮೂರು ವರ್ಷದ ನಂತರ ಶೇಫರ್ ಮತ್ತು ಸ್ಟೆಯ್ಸ್ಕಾಲ್ ಘನವಸ್ತುವಿನಲ್ಲಿ ಹರಡಿಹೋಗುವ ಸಂಕೇತವನ್ನು ಚೂಪಾಗಿಸಲು ಇದಕ್ಕೆ ಗಿರಕಿಯನ್ನೂ ಕೂಡಿಸಿದರು. ಮಾದರಿಯನ್ನು ಬಳಪದ ತುಂಡಿಗಿಂತ ಸಣ್ಣ ಜಿರ್ಕೋನಿಯಾ ಕೊಳವೆಯಲ್ಲಿ ತುಂಬಿ, ಅಯಸ್ಕಾಂತದ ಕ್ಷೇತ್ರಕ್ಕೆ 54.7 ಡಿಗ್ರಿ ಓರೆಯಲ್ಲಿ, ಗಾಳಿಯ ಒತ್ತಡದಿಂದ ತಿರುಗಿಸುತ್ತಾರೆ. ಇಂದಿನ ಯಂತ್ರಗಳಲ್ಲಿ ಸೆಕೆಂಡಿಗೆ ಹತ್ತು ಸಾವಿರ ಸುತ್ತು ಸಾಮಾನ್ಯ.

ನನಗೆ ಇದರಲ್ಲೆಲ್ಲ ತುಂಬ ಮೆಚ್ಚುಗೆಯಾದದ್ದು 1974ರ ಒಂದು ಪ್ರಬಂಧ. ಜ್ಯೂರಿಕ್‌ನಲ್ಲಿ ಮುಲ್ಲರ್, ಅನಿಲ್ ಕುಮಾರ್, ಬೌಮನ್ ಮತ್ತು ಅರ್ನ್‌ಸ್ಟ್ ಫೆರೋಸೀನ್ ಹರಳಿನಲ್ಲಿ ಈ ವರ್ಗಾವಣೆಯನ್ನು ಹತ್ತಿರದಿಂದ ಗಮನಿಸಿದರು. ಧ್ರುವೀಕರಣ ಒಮ್ಮುಖವಾಗಿ ಹರಿದು ನಿಲ್ಲಲಿಲ್ಲ. ಪ್ರೋಟಾನಿನಿಂದ ಕಾರ್ಬನ್‌ಗೆ ಹೋಯಿತು, ಮರಳಿ ಬಂತು, ಮತ್ತೆ ಹೋಯಿತು. ಈ ಓಲಾಟದ ವೇಗ ಎರಡು ಬೀಜಗಳ ನಡುವಿನ ದೂರ ಮತ್ತು ದಿಕ್ಕಿಗೆ ಕಟ್ಟುಬಿದ್ದದ್ದು. ಹಾಗಾಗಿ ಸಂಕೇತ ಹೆಚ್ಚಿಸಲು ಹೊರಟ ಉಪಾಯವೇ ಅಣುವಿನೊಳಗಿನ ಅಳತೆಗೋಲೂ ಆಯಿತು. ಈ ಅನಿಲ್ ಕುಮಾರ್ ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗಕ್ಕೆ ಬಂದು ಬೆಂಗಳೂರಿನಲ್ಲಿ ಎನ್‌ಎಂಆರ್‌ನ ದೊಡ್ಡ ಪರಂಪರೆ ಬೆಳೆಸಿದರು. ಎನ್‌ಎಂಆರ್ ಕೇಂದ್ರದ ಕೆ.ವಿ. ರಾಮನಾಥನ್ ಅವರು ನೀರಜ್ ಸಿನ್ಹಾ ಜೊತೆ 2000ದಲ್ಲಿ, ವರ್ಗಾವಣೆಯ ನಡುವೆ ಧ್ರುವೀಕರಣವನ್ನು ತಿರುವುಮುರುವು ಮಾಡಿ, ದ್ರವಸ್ಫಟಿಕಗಳಲ್ಲಿ ಇದೇ ಓಲಾಟವನ್ನು ಇನ್ನಷ್ಟು ಸ್ಪಷ್ಟವಾಗಿ ಓದುವ ದಾರಿ ತೋರಿದರು.

ರೇಷ್ಮೆಯ ಪ್ರಶ್ನೆಗೂ ಇದೇ ವಿಧಾನ ಉತ್ತರ ಕೊಟ್ಟಿದೆ. ಜಪಾನಿನ ತೆತ್ಸುವೊ ಅಸಾಕುರ ಈ ಅಧ್ಯಯನದಲ್ಲಿ ದಶಕಗಳನ್ನೇ ಕಳೆದವರು. ರೇಷ್ಮೆ ಎಳೆಯ ಪ್ರೋಟೀನಾದ ಫೈಬ್ರಾಯಿನ್‌ನ ಮುಕ್ಕಾಲು ಪಾಲು ಗ್ಲೈಸೀನ್ ಮತ್ತು ಅಲನೀನ್ ಎಂಬ ಎರಡೇ ಅಮೈನೊ ಆಮ್ಲಗಳು. ಹುಳುವಿನ ಗ್ರಂಥಿಯ ದ್ರವವನ್ನು ಮೆಲ್ಲಗೆ ಒಣಗಿಸಿದಾಗ ಎನ್‌ಎಂಆರ್ ರೋಹಿತದಲ್ಲಿ ಅಲನೀನಿನ ಮಿಥೈಲ್ ಕಾರ್ಬನ್ನಿನ ಗೆರೆ 17 ಪಿಪಿಎಂ (ಗೆರೆಯ ಸ್ಥಾನ ಹೇಳುವ ಮಾನ) ಆಸುಪಾಸಿನಲ್ಲಿ ಬೀಳುತ್ತದೆ. ಹುಳು ನೂತ ಎಳೆಯಲ್ಲಿ ಅದು 20ರ ಹತ್ತಿರಕ್ಕೆ ಸರಿದು ಅಗಲವಾಗುತ್ತದೆ. ಸರಪಳಿಗಳು ನೀಳವಾಗಿ, ಪದರ ಪದರವಾಗಿ ಒತ್ತಿ ಕುಳಿತದ್ದರ ಗುರುತು ಇದು. ಎಳೆಯ ಬಿಗಿ ಅಲ್ಲಿಂದ ಬರುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆ ಪ್ರತಿವರ್ಷ ಒಂದು ದಿನ ತನ್ನ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುತ್ತದೆ. ಹಾರೋಹಳ್ಳಿ, ಕನಕಪುರ, ಮಾಗಡಿಯ ಪ್ರೌಢಶಾಲೆ ಮತ್ತು ಕಾಲೇಜುಗಳ ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಆ ದಿನ ರೇಷ್ಮೆ ಬೆಳೆಯುವ ಮನೆಗಳ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.