ಪಾದ್ರಿಯ ಸಂಬಳ ಯಾರ ಗಲ್ಲಾದಿಂದ?

ಕೋರ್ಟು, ಆಸ್ಪತ್ರೆ, ಅಂಗಡಿ ಮಾಲು ಅಂತ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಬೆಂಗಳೂರು ಬಸ್ ಹತ್ತುವವರಿಗೆ ಲೆಕ್ಕವಿಲ್ಲ. ಅವರಲ್ಲಿ ಎಂ.ಜಿ. ರಸ್ತೆ ಕಡೆ ಹೋದವರು ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಗುಮ್ಮಟದ ದೊಡ್ಡ ಚರ್ಚೊಂದನ್ನು ನೋಡಿಯೇ ಇರುತ್ತಾರೆ. ಅದು ಸೇಂಟ್ ಮಾರ್ಕ್ಸ್ ಚರ್ಚು. 'ಇಂಗ್ಲಿಷರದು' ಅಂತ ಹೇಳಿ ಮುಂದಕ್ಕೆ ಹೋಗ್ತೇವೆ. ಕಟ್ಟಿಸಿದವರು ಇಂಗ್ಲಿಷರು, ಸರಿ. ಖರ್ಚು ಯಾರದು ಸ್ವಾಮಿ?

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸೈನ್ಯ ಶ್ರೀರಂಗಪಟ್ಟಣದಲ್ಲಿ ಠಾಣೆ ಹೂಡಿತು. ಅಲ್ಲಿಯ ಜ್ವರ ತಡೆಯಲಾರದೆ 1809ರಲ್ಲಿ ಬೆಂಗಳೂರಿಗೆ ಬಿಡಾರ ಬದಲಿಸಿತು. ಅದಕ್ಕೂ ಒಂದು ವರ್ಷ ಮುಂಚೆಯೇ, 1808ರಲ್ಲಿ, ದಂಡಿನವರಿಗಾಗಿ ಈ ಚರ್ಚಿನ ಕೆಲಸ ಶುರುವಾಗಿತ್ತು. 1812ರಲ್ಲಿ ಮುಗೀತು.

ಕಟ್ಟಡ ಮುಗಿದರೂ ವಿಧಿಪೂರ್ವಕ ಪ್ರತಿಷ್ಠೆ ಆಗಲಿಲ್ಲ. ಇದು ಆಂಗ್ಲಿಕನ್ ಪಂಥದ ಚರ್ಚು. ಈ ಪಂಥದಲ್ಲಿ ಪ್ರತಿಷ್ಠೆಗೆ ಬಿಷಪ್ಪೇ ಬರಬೇಕು. ಇಡೀ ಇಂಡಿಯಾಕ್ಕೆ ಮೊದಲ ಆಂಗ್ಲಿಕನ್ ಬಿಷಪ್ ಬಂದದ್ದೇ 1814ರಲ್ಲಿ, ಅದೂ ಕಲ್ಕತ್ತಾಕ್ಕೆ. ಆ ಬಿಷಪ್ ಮಿಡ್ಲ್‌ಟನ್ 1816ರಲ್ಲಿ ಇಲ್ಲಿಗೆ ಬಂದು ಪ್ರತಿಷ್ಠೆ ಮಾಡಿದರು.

ಈಗ ದುಡ್ಡಿನ ಮಾತು. ದಂಡಿನ ಪಾದ್ರಿ ಅಂದರೆ ಕಂಪನಿಯ ಸಂಬಳದ ನೌಕರ. 1858ರಲ್ಲಿ ಕಂಪನಿ ಹೋಗಿ ರಾಣಿ ಸರ್ಕಾರ ಬಂದರೂ ಸಂಬಳ ಸರ್ಕಾರದ್ದೇ. ಅದಕ್ಕೊಂದು ಇಲಾಖೆಯೇ ಇತ್ತು. ಹಣ ಲಂಡನ್ನಿನಿಂದ ಬರುತ್ತಿರಲಿಲ್ಲ, ಇಲ್ಲಿನ ಬೊಕ್ಕಸದ್ದು. ಸಾಲದ್ದಕ್ಕೆ, ಸೈನ್ಯದ ಖರ್ಚಿಗೆ ಅಂತ ಮೈಸೂರು ರಾಜ್ಯ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು ಅಂತ 1799ರ ಒಪ್ಪಂದದಲ್ಲೇ ಬರೆಸಿಕೊಂಡಿದ್ದರು. ಚಿತ್ರದುರ್ಗ ಆಗ ಮೈಸೂರಿಗೇ ಸೇರಿತ್ತು. ಅಂದಮೇಲೆ ಆ ದಂಡನ್ನು ಸಾಕಿದ್ದರಲ್ಲಿ ನಮ್ಮ ಕಡೆ ರೈತ ಕಟ್ಟಿದ ಕಂದಾಯವೂ ಉಂಟು.

1923ರಲ್ಲಿ ಚರ್ಚಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ 1927. ಅದೇ ವರ್ಷ ಲಂಡನ್ ಪಾರ್ಲಿಮೆಂಟು ಇಂಡಿಯಾದ ಆಂಗ್ಲಿಕನ್ ಚರ್ಚನ್ನು ಇಂಗ್ಲೆಂಡಿನ ಚರ್ಚಿನಿಂದ ಬೇರೆ ಮಾಡುವ ಕಾಯಿದೆ ತಂತು. 1930ರಲ್ಲಿ ಪಾಲು ಬೇರೆಯಾಯಿತು. ಆದರೂ ಸೈನ್ಯದ ಪಾದ್ರಿಗಳ ಸಂಬಳ ಮಾತ್ರ ಸ್ವಾತಂತ್ರ್ಯದ ಹೊತ್ತಿನವರೆಗೂ ಬೊಕ್ಕಸದಿಂದಲೇ ನಡೆಯಿತು.

ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದೊಡ್ಡದೊಂದು ಕೂಡಿಕೆ ಆಯಿತು. ಬಿಷಪ್ ಬೇಕೇ ಬೇಕು ಅನ್ನುವ ಆಂಗ್ಲಿಕನ್ನರು, ಬಿಷಪ್ ಇಲ್ಲದೆ ನಡೆದುಕೊಂಡು ಬಂದಿದ್ದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಮಾಡಿಕೊಂಡರು. ಬೇರೆ ಬೇರೆ ಅಂಗಡಿಯವರು ಒಂದೇ ಬೋರ್ಡಿನ ಕೆಳಗೆ ಬಂದ ಹಾಗೆ. ಅಂಥದ್ದು ಆಗುವುದು ಎಷ್ಟು ಕಷ್ಟ ಅಂತ ಪಾಲುದಾರಿಕೆ ಮಾಡಿದವರಿಗೆ ಗೊತ್ತು. ಮೈಸೂರು ಪ್ರಾಂತಕ್ಕೆ ಮೊದಲ ಬಿಷಪ್ ಆದವರು ಪಿ. ಗುರುಶಾಂತ. ಹೆಸರು ಕೇಳಿದರೇ ನಮ್ಮ ಕಡೆಯವರು ಅನ್ನಿಸುತ್ತೆ.

ಇವತ್ತು ಸೇಂಟ್ ಮಾರ್ಕ್ಸ್ ಆ ಕೂಡಿಕೆಯ ಚರ್ಚೇ, ಕರ್ನಾಟಕ ಮಧ್ಯ ಪ್ರಾಂತದ ಕೆಥೆಡ್ರಲ್. ಒಳಗೆ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರು ಕೆತ್ತಿದ ಕಲ್ಲುಗಳಿವೆ. ಕಂದಾಯ ಕಟ್ಟಿದ ರೈತನ ಹೆಸರಿಗೆ ಅಲ್ಲಿ ಜಾಗ ಸಿಗಲಿಲ್ಲ. ದಂಡು ಹೋಯಿತು, ಸರ್ಕಾರಿ ಸಂಬಳ ನಿಂತಿತು, ಚರ್ಚು ಮಾತ್ರ ನಿಲ್ಲಲಿಲ್ಲ. ಭಾನುವಾರ ಬಂದು ಕೂರುವ ಇಲ್ಲಿನ ಜನರೇ ಈಗ ಕಾಣಿಕೆ ಹಾಕಿ ನಡೆಸಿಕೊಂಡು ಹೋಗ್ತಿದ್ದಾರೆ.